ಪಾತ್ರ ವಹಿಸುವ ಆಟ: ಹರೆಯದವರು ಇದನ್ನು ಕೈಕೊಳ್ಳಬಹುದೆ?

ಕನ್ನಡದ ‘ಆಡು’ ಎಂಬ ಧಾತುವಿಗೆ ಎರಡು ಅರ್ಥಗಳು ಪ್ರಸಿದ್ಧವಾಗಿವೆ. ಕ್ರೀಡಿಸುವುದು ಒಂದು, ನುಡಿಯುವುದು ಮತ್ತೊಂದು. ‘ಮಕ್ಕಳು ಅಂಗಳದಲ್ಲಿ ಆಡುತ್ತಿದ್ದಾರೆ’ ಎಂಬಲ್ಲಿ ಮೊದಲನೆಯ ಅರ್ಥ. ‘ಆಡಿದ ಮಾತಿಗೆ ತಪ್ಪಬಾರದು’ ಎಂಬಲ್ಲಿ ಎರಡನೆಯದು. ಸಂಸ್ಕೃತದ ‘ಕ್ರೀಡ್’ ಧಾತುವಿಗಾಗಲಿ ಇಂಗ್ಲಿಷಿನ ‘ಪ್ಲೇ’ ಎಂಬ ಕ್ರಿಯಾಪದಕ್ಕಾಗಲಿ ನುಡಿಯುವುದೆಂಬ ಅರ್ಥವಿಲ್ಲ. ಹೀಗಿರುತ್ತ, ಮಾತನ್ನೇ ಕಾಯಿಯಾಗಿ ನಡೆಸಿ ಆಡುವ ಆಟವೊಂದು ಇಂಗ್ಲಿಷ್ ನುಡಿಯುವ ನಾಡಿನಲ್ಲಿ ಹುಟ್ಟಿತೆಂಬುದು ವಿಚಿತ್ರವೇ ಸರಿ. ಅಮೆರಿಕದಲ್ಲಿ ಇದನ್ನು ‘ಟೇಬಲ್‌ಟಾಪ್ ರೋಲ್ ಪ್ಲೇಯಿಂಗ್ ಗೇಮ್’ ಎನ್ನುತ್ತಾರೆ. ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿ, ಕಥೆಯನ್ನು ಮಾತಿನಲ್ಲಿ ಮುಂದುವರಿಸುವ ಆಟ ಎಂದು ಇದನ್ನು ಸ್ಥೂಲವಾಗಿ ತಿಳಿಯಬಹುದು.

ಮಠದ ಪಾಠಶಾಲೆಯ ಸಂಚಿಕೆಯಲ್ಲಿ ಇಂಥ ವಿಷಯವೇಕೆಂದು ವಾಚಕ ಮಹಾಶಯರು ಹುಬ್ಬೇರಿಸಬಹುದು. ಕಾರಣವಿಷ್ಟೆ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಹೊರನಾಡುಗಳಲ್ಲಿ ಸಂಸಾರ ಹೂಡಿರುವುದು ಎಲ್ಲರಿಗೂ ತಿಳಿದ ಸಂಗತಿ. ಅವರಲ್ಲೊಬ್ಬರು, ಅಮೆರಿಕದಲ್ಲಿರುವವರು, ತಮ್ಮ ಹದಿನಾಲ್ಕು ವರ್ಷದ ಮಗಳು ಇಂಥ ಆಟದ ಕೂಟವನ್ನು ಸೇರಲು ಬಯಸುತ್ತಿರುವಳೆಂದೂ, ಅದರಲ್ಲಿ ದಾಳಗಳುಂಟು, ದೆವ್ವಭೂತಗಳುಂಟು, ಮಗಳು ತಾನಲ್ಲದ ಯಾರೋ ಆಗಿ ಗಂಟೆಗಟ್ಟಲೆ ಮಾತನಾಡಬೇಕಾಗುವುದೆಂದೂ, ಇದಕ್ಕೆ ಒಪ್ಪಬಹುದೆ ಎಂದೂ ಕೇಳಿ ನನಗೆ ದೀರ್ಘವಾದ ಪತ್ರ ಬರೆದರು. ಪತ್ರದ ಕೊನೆಯಲ್ಲಿ ಮತ್ತೊಂದು ಮಾತಿತ್ತು. ಕೂಟ ಸೇರುವುದು ಶನಿವಾರ ಮಧ್ಯಾಹ್ನ. ಅದೇ ಹೊತ್ತಿನಲ್ಲಿ ಅಲ್ಲಿಯ ಕನ್ನಡಿಗರು ಮಕ್ಕಳಿಗಾಗಿ ನಡೆಸುವ ಕನ್ನಡ ತರಗತಿಯೂ ಇದೆ. ಇಂಥ ಪ್ರಶ್ನೆ ನಾಳೆ ಇತರ ಹಳೆಯ ವಿದ್ಯಾರ್ಥಿಗಳ ಮನೆಗಳಲ್ಲಿಯೂ ಏಳಬಹುದಾದ್ದರಿಂದ, ಆ ಪತ್ರಕ್ಕೆ ಉತ್ತರಿಸುವ ಸಲುವಾಗಿ ನಾನು ಓದಿ ತಿಳಿದುಕೊಂಡುದನ್ನೂ ಆಲೋಚಿಸಿದ್ದನ್ನೂ ಇಲ್ಲಿ ನಿರೂಪಿಸುತ್ತೇನೆ.

ಮೊದಲು ಆಟದ ಸ್ವರೂಪ. ನಾಲ್ವರೋ ಐವರೋ ಕೂಡುತ್ತಾರೆ. ಅವರಲ್ಲೊಬ್ಬ ಸೂತ್ರಧಾರ, ಅಲ್ಲಿಯವರ ಪರಿಭಾಷೆಯಲ್ಲಿ ‘ಡಂಜನ್ ಮಾಸ್ಟರ್’ ಅಥವಾ ‘ಗೇಮ್ ಮಾಸ್ಟರ್’. ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ಕಲ್ಪಿಸಿಕೊಂಡು, ಅದರ ಹೆಸರು, ಬಲಾಬಲ, ಕಸುಬು, ಕೈಯಲ್ಲಿರುವ ವಸ್ತುಗಳು ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿರುತ್ತಾರೆ. ವೇಷವಿಲ್ಲ, ರಂಗಸ್ಥಳವಿಲ್ಲ, ಪ್ರೇಕ್ಷಕರೂ ಇಲ್ಲ. ಸೂತ್ರಧಾರನು ಸನ್ನಿವೇಶವನ್ನು ಹೇಳುತ್ತಾನೆ: ‘ಹೊತ್ತು ಮುಳುಗಿದೆ. ಹೊಳೆಯ ಸೇತುವೆ ಅರ್ಧ ಕುಸಿದಿದೆ. ಆಚೆಯ ದಡದಲ್ಲಿ ಒಂದು ದೀಪ ಅಲುಗುತ್ತಿದೆ. ಏನು ಮಾಡುತ್ತೀರಿ?’ ಒಬ್ಬಳು, ‘ನಾನು ಕೂಗಿ, ಯಾರಲ್ಲಿ ಎಂದು ಕೇಳುತ್ತೇನೆ’ ಎನ್ನುತ್ತಾಳೆ. ಮತ್ತೊಬ್ಬ, ‘ಕೂಗಬೇಡ, ನಮ್ಮ ಬೆನ್ನುಹತ್ತಿದವರಿಗೆ ಕೇಳಿಸೀತು. ನಾನು ತೊಲೆ ಹಿಡಿದು ದಾಟಿ ನೋಡಿ ಬರುತ್ತೇನೆ’ ಎನ್ನುತ್ತಾನೆ. ‘ತೊಲೆ ನೆನೆದು ಜಾರುತ್ತಿದೆ, ದಾಳ ಹಾಕು. ಹನ್ನೆರಡು ಅಥವಾ ಅದಕ್ಕೆ ಮೇಲೆ ಬಿದ್ದರೆ ದಾಟಿದೆ’ ಎಂದು ಸೂತ್ರಧಾರ. ದಾಳ ಬೀಳುತ್ತದೆ. ಬಿದ್ದ ಅಂಕೆಗೆ ತಕ್ಕಂತೆ ಕಥೆ ಹೊರಳುತ್ತದೆ. ಹೀಗೆ ಮೂರು ನಾಲ್ಕು ಗಂಟೆ ನಡೆದು ನಿಂತ ಕಥೆ ಮುಂದಿನ ವಾರ ನಿಂತಲ್ಲಿಂದಲೇ ಮುಂದುವರಿಯುತ್ತದೆ. ವರ್ಷಗಟ್ಟಲೆ ಒಂದೇ ಕಥೆಯನ್ನು ನಡೆಸಿಕೊಂಡು ಬಂದ ಕೂಟಗಳುಂಟು. ಇದರಲ್ಲಿ ಗೆದ್ದವರು ಸೋತವರು ಎಂಬ ವಿಭಾಗವಿಲ್ಲ. ತಂಡಕ್ಕೆ ತಂಡವೇ ಕಷ್ಟಕ್ಕೆ ಸಿಲುಕುತ್ತದೆ, ಕೂಡಿಯೇ ಪಾರಾಗುತ್ತದೆ.

ನಮ್ಮ ಕರಾವಳಿಯ ತಾಳಮದ್ದಲೆಯನ್ನು ಕೇಳಿದವರಿಗೆ ಇದು ತೀರ ಹೊಸದೆನಿಸದು. ಅಲ್ಲಿಯೂ ಅರ್ಥಧಾರಿಗಳು ವೇಷ ಕಟ್ಟದೆ ಕುಳಿತುಕೊಂಡು, ಪದ್ಯದ ಆಧಾರದ ಮೇಲೆ ಸ್ಥಳದಲ್ಲಿಯೇ ಮಾತನ್ನು ಹೊಸೆಯುತ್ತಾರೆ; ಎದುರಾಳಿ ಏನು ಕೇಳುವನೆಂಬುದು ಮೊದಲೇ ತಿಳಿದಿರುವುದಿಲ್ಲ. ಆದರೆ ಭೇದವೂ ದೊಡ್ಡದು. ತಾಳಮದ್ದಲೆಯಲ್ಲಿ ಕಥೆಯ ಕೊನೆ ಎಲ್ಲರಿಗೂ ಗೊತ್ತು; ಕರ್ಣನು ಎಷ್ಟೇ ಚೆನ್ನಾಗಿ ಮಾತನಾಡಿದರೂ ಅವನ ರಥದ ಗಾಲಿ ಹೂಳುವುದು ತಪ್ಪದು. ಈ ಆಟದಲ್ಲಾದರೋ ಕೊನೆ ಸೂತ್ರಧಾರನಿಗೂ ತಿಳಿಯದು. ಅಲ್ಲದೆ ಅರ್ಥಧಾರಿಯ ಮುಂದೆ ಸಭೆ ಇದೆ, ಇಲ್ಲಿ ಆಡುವವರೇ ಸಭೆ. ಒಂದಕ್ಕೊಂದು ಯಾವ ಚಾರಿತ್ರಿಕ ಸಂಬಂಧವೂ ಇಲ್ಲ. ತಿಳಿಯಲು ಸುಲಭವಾಗಲೆಂದು ಹೋಲಿಸಿದೆನಷ್ಟೆ.

ಇದರ ಹುಟ್ಟು ಕುತೂಹಲಕರವಾದುದು. ಬೇರು ಯುದ್ಧಾಭ್ಯಾಸದಲ್ಲಿದೆ. ಪ್ರಷ್ಯ ದೇಶದಲ್ಲಿ ರೈಸ್‌ವಿಟ್ಸ್ ಎಂಬ ತಂದೆ ಮಕ್ಕಳು ಸೇನಾಧಿಕಾರಿಗಳ ಶಿಕ್ಷಣಕ್ಕಾಗಿ ‘ಕ್ರೀಗ್‌ಸ್ಪೀಲ್’ ಎಂಬ ಸಮರಕ್ರೀಡೆಯನ್ನು ರೂಪಿಸಿದರು. ಮಗನು ಪರಿಷ್ಕರಿಸಿದ ನಿಯಮಗಳು ೧೮೨೪ರಲ್ಲಿ ಪ್ರಕಟವಾದುವು. ಎರಡು ಪಕ್ಷಗಳ ನಡುವೆ ನಿರ್ಣಾಯಕನೊಬ್ಬನಿದ್ದು, ದಾಳದ ಸಹಾಯದಿಂದ ಫಲವನ್ನು ನಿರ್ಣಯಿಸುವ ಪದ್ಧತಿ ಅಲ್ಲಿಯೇ ಕಾಣುತ್ತದೆ. ೧೯೧೩ರಲ್ಲಿ ಇಂಗ್ಲಿಷ್ ಕಾದಂಬರಿಕಾರ ಎಚ್.ಜಿ. ವೆಲ್ಸ್ ಆಟಿಕೆಯ ಸಿಪಾಯಿಗಳಿಂದ ಮನೆಯಲ್ಲಿ ಆಡುವ ಯುದ್ಧಕ್ಕೆ ನಿಯಮಗಳನ್ನು ಬರೆದ. ಇವೆಲ್ಲ ಪಡೆಗಳ ಆಟಗಳು. ಒಬ್ಬ ವ್ಯಕ್ತಿಯೇ ಪಾತ್ರವಾಗುವ ತಿರುವು ಬಂದುದು ೧೯೬೯ರಲ್ಲಿ, ಅಮೆರಿಕದ ಮಿನೆಸೋಟ ಪ್ರಾಂತದಲ್ಲಿ. ಡೇವಿಡ್ ವೆಸ್ಲಿ ಎಂಬಾತ ತನ್ನ ಸಮರಕ್ರೀಡೆಯೊಂದರಲ್ಲಿ ಸೇನಾಪತಿಗಳ ಜೊತೆಗೆ ಊರಿನ ಮೇಯರು, ಸಾಹುಕಾರ, ವಿಶ್ವವಿದ್ಯಾಲಯದ ಅಧಿಪತಿ ಮುಂತಾದ ಪಾತ್ರಗಳನ್ನೂ ಗೆಳೆಯರಿಗೆ ಹಂಚಿದ. ಆಡಿದವರಿಗೆ ಯುದ್ಧಕ್ಕಿಂತ ಈ ಪಾತ್ರಗಳ ಒಳಸಂಚು ವಾಗ್ವಾದಗಳೇ ಹೆಚ್ಚು ರುಚಿಸಿದುವಂತೆ. ಆ ಗೆಳೆಯರಲ್ಲಿ ಒಬ್ಬನಾದ ಡೇವ್ ಆರ್ನೆಸನ್ ೧೯೭೧ರಲ್ಲಿ ‘ಬ್ಲ್ಯಾಕ್‌ಮೂರ್’ ಎಂಬ ಕಲ್ಪಿತ ನಾಡಿನಲ್ಲಿ ಇಂಥ ಆಟವನ್ನು ನಿರಂತರವಾಗಿ ನಡೆಸತೊಡಗಿ, ೧೯೭೨ರ ಕೊನೆಯ ಭಾಗದಲ್ಲಿ ವಿಸ್ಕಾನ್ಸಿನ್ ಪ್ರಾಂತದ ಲೇಕ್ ಜಿನೀವ ಎಂಬ ಸಣ್ಣ ಊರಿಗೆ ಹೋಗಿ, ಗ್ಯಾರಿ ಗೈಗ್ಯಾಕ್ಸ್ ಎಂಬವನಿಗೆ ಅದನ್ನು ಆಡಿ ತೋರಿಸಿದ.

ಈ ಗೈಗ್ಯಾಕ್ಸ್ ವಿಮಾ ಸಂಸ್ಥೆಯಲ್ಲಿದ್ದ ಕೆಲಸವನ್ನು ಕಳೆದುಕೊಂಡು, ಪಾದರಕ್ಷೆ ದುರಸ್ತಿ ಮಾಡಿ ಜೀವನ ಸಾಗಿಸುತ್ತಿದ್ದ ಗೃಹಸ್ಥ. (ಹರಳಯ್ಯನವರ ಕಾಯಕವನ್ನು ಗೌರವಿಸುವ ನಮಗೆ ಇದು ಹೇಳಿಕೊಳ್ಳಲು ನಾಚಿಕೆಯ ವಿಷಯವಲ್ಲ, ಪಾಶ್ಚಾತ್ಯ ಲೇಖಕರು ಮಾತ್ರ ಇದನ್ನೊಂದು ವಿನೋದದಂತೆ ಹೇಳುತ್ತಾರೆ.) ಇಬ್ಬರ ಪರಿಶ್ರಮದ ಫಲವಾಗಿ ೧೯೭೪ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಹೆಸರಿನಿಂದ ಮೂರು ಕಿರುಹೊತ್ತಗೆಗಳ ಪೆಟ್ಟಿಗೆಯೊಂದು ಹೊರಬಂದಿತು. ಮೊದಲ ಮುದ್ರಣ ಒಂದು ಸಾವಿರ ಪ್ರತಿ, ಬೆಲೆ ಹತ್ತು ಡಾಲರು. ‘ನೆಲಮಾಳಿಗೆಗಳೂ ಘಟಸರ್ಪಗಳೂ’ ಎಂದು ಅದರ ಹೆಸರನ್ನು ಕನ್ನಡಿಸಬಹುದು. ಅನಂತರ ೧೯೭೭ರಲ್ಲಿ ಆಕಾಶಯಾನದ ‘ಟ್ರಾವೆಲರ್’, ೧೯೮೧ರಲ್ಲಿ ಭಯಾನಕರಸದ ‘ಕಾಲ್ ಆಫ್ ಕ್ತುಲು’, ಹೀಗೆ ಬಗೆಬಗೆಯವು ಬಂದುವು. ಆಟವನ್ನು ಮೊದಲು ಪ್ರಕಟಿಸಿದ ಸಂಸ್ಥೆ ೧೯೯೭ರಲ್ಲಿ ಬೇರೊಂದು ಸಂಸ್ಥೆಯ ವಶವಾಯಿತು. ೨೦೧೪ರಲ್ಲಿ ಐದನೆಯ ಪರಿಷ್ಕರಣ, ೨೦೨೪ರಲ್ಲಿ ಅದರ ತಿದ್ದುಪಡಿ. ವ್ಯಾಪಾರದ ಈ ವಿವರಗಳು ನಮಗೆ ಮುಖ್ಯವಲ್ಲ.

ತಂದೆಯವರ ಮೊದಲನೆಯ ಆತಂಕ ದಾಳದ ಬಗೆಗೆ. ನಳನ ಕಥೆಯನ್ನೂ ಧರ್ಮರಾಯನ ಕಥೆಯನ್ನೂ ಬಾಲ್ಯದಲ್ಲಿ ಕೇಳಿದವರಿಗೆ ದಾಳವೆಂದೊಡನೆ ಮೈ ಝುಮ್ಮೆನ್ನುವುದು ಸಹಜ. ಮನುಸ್ಮೃತಿ ಕಾಮಜನ್ಯವಾದ ಹತ್ತು ವ್ಯಸನಗಳಲ್ಲಿ ಬೇಟೆಯೊಡನೆ ದ್ಯೂತವನ್ನೂ ಎಣಿಸಿದೆ. ಅದೇ ಪಟ್ಟಿಯಲ್ಲಿ ನೃತ್ಯ ಗೀತ ವಾದ್ಯಗಳನ್ನೂ ಎಣಿಸಿದೆಯೆಂಬುದನ್ನು ಮಾತ್ರ ನಮ್ಮವರು ಮರೆಯುತ್ತಾರೆ. ಇಲ್ಲವಾದರೆ ನಮ್ಮ ವಾರ್ಷಿಕೋತ್ಸವಗಳು ನಡೆಯುತ್ತಿದ್ದುದು ಹೇಗೆ? ಶಾಸ್ತ್ರಕಾರರಿಗೆ ದ್ವೇಷವಿದ್ದುದು ಪಣದ ಮೇಲೆ, ಕಪಟದ ಮೇಲೆ. ದಾಳವು ಮರದ ತುಂಡು. ಅದರ ಹಿಂದೆ ಪಣವಾಗಿಟ್ಟ ರಾಜ್ಯವೋ ಹೆಂಡತಿಯೋ ಇದ್ದಾಗ ಅದು ಕಲಿಯ ಆವಾಸವಾಗುತ್ತದೆ. ಪ್ರಕೃತ ಆಟದಲ್ಲಿ ಪಣವೆಂಬುದೇ ಇಲ್ಲ. ದಾಳವು ಇಲ್ಲಿ ದೈವದ ಸ್ಥಾನದಲ್ಲಿದೆ. ಪುರುಷಪ್ರಯತ್ನವು ಆಡುವವನ ಮಾತಿನಲ್ಲಿದೆ. ಎರಡೂ ಕೂಡಿದಲ್ಲಿ ಫಲ.

ಗಣಿತದ ಉಪಾಧ್ಯಾಯರಿಗೆ ಇಷ್ಟವಾಗಬಹುದಾದ ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಈ ಆಟದ ದಾಳಗಳು ಆರು ಮುಖದವು ಮಾತ್ರವಲ್ಲ. ನಾಲ್ಕು, ಆರು, ಎಂಟು, ಹನ್ನೆರಡು, ಇಪ್ಪತ್ತು ಮುಖಗಳ ದಾಳಗಳುಂಟು. ಯೂಕ್ಲಿಡನ ರೇಖಾಗಣಿತದ ಕೊನೆಯಲ್ಲಿ ಬರುವ ಐದು ಸಮಘನಗಳು ಇವೇ. ಆರನೆಯದು ಸಾಧ್ಯವಿಲ್ಲವೆಂದು ಆತ ಸಾಧಿಸಿದ್ದಾನೆ. (ಹತ್ತು ಮುಖದ ದಾಳ ಆಮೇಲೆ ಬಳಕೆಗೆ ಬಂದುದು, ಅದು ಸಮಘನವಲ್ಲ.) ಆಟವನ್ನು ರಚಿಸಿದವರಿಗೆ ಇವು ಮೊದಲು ದೊರೆತುದು ಶಾಲೆಗಳಿಗೆ ಗಣಿತೋಪಕರಣಗಳನ್ನು ಒದಗಿಸುವವರ ಪಟ್ಟಿಯಲ್ಲಿ. ಮೂಲನಿಯಮದಂತೆ ಪಾತ್ರದ ಬಲ, ಬುದ್ಧಿ, ವಿವೇಕ, ಚುರುಕು, ದೇಹದಾರ್ಢ್ಯ, ವರ್ಚಸ್ಸು ಎಂಬ ಆರು ಗುಣಗಳನ್ನು ಮೂರು ದಾಳಗಳನ್ನು ಒಟ್ಟಿಗೆ ಉರುಳಿಸಿ ನಿರ್ಧರಿಸುತ್ತಾರೆ. ಮೂರು ದಾಳಗಳು ಬೀಳುವ ರೀತಿಗಳು ೨೧೬. ಅವುಗಳಲ್ಲಿ ಮೊತ್ತ ಹತ್ತು ಬರುವ ರೀತಿಗಳು ೨೭, ಹನ್ನೊಂದು ಬರುವುವು ೨೭; ಹದಿನೆಂಟು ಬರುವುದು ಒಂದೇ ಒಂದು ರೀತಿಯಲ್ಲಿ. ಲೋಕದಲ್ಲಿ ಮಧ್ಯಮರು ಹೆಚ್ಚು, ಅತಿಶಯರು ವಿರಳ ಎಂಬುದನ್ನು ಮಗುವಿಗೆ ಇದಕ್ಕಿಂತ ಸುಲಭವಾಗಿ ತೋರಿಸಲಾಗದು. ಮೇಲಿನ ಸೇತುವೆಯ ನಿದರ್ಶನದಲ್ಲಿ ಇಪ್ಪತ್ತು ಮುಖದ ದಾಳದಿಂದ ಹನ್ನೆರಡಕ್ಕೆ ಕಡಮೆಯಾಗದಂತೆ ಬೀಳುವ ಸಂಭವ ಇಪ್ಪತ್ತರಲ್ಲಿ ಒಂಬತ್ತು. ಪಾತ್ರಕ್ಕೆ ಚುರುಕಿನ ಬಾಬಿನಲ್ಲಿ ಮೂರು ಕೂಡಿಸಿಕೊಳ್ಳುವ ಹಕ್ಕಿದ್ದರೆ ಅದು ಇಪ್ಪತ್ತರಲ್ಲಿ ಹನ್ನೆರಡಾಗುತ್ತದೆ. ಹದಿನಾಲ್ಕರ ಬಾಲಕರು ಇದನ್ನು ಬಾಯಲ್ಲೇ ಲೆಕ್ಕ ಹಾಕಿ ಹೇಳುವರಂತೆ. ನಮ್ಮ ಹತ್ತನೆಯ ತರಗತಿಯವರನ್ನು ಸಂಭವನೀಯತೆಯ ಪ್ರಶ್ನೆ ಕೇಳಿದರೆ ಏನಾಗುವುದೆಂದು ಬಲ್ಲವರು ಬಲ್ಲರು.

ಎರಡನೆಯ ಆತಂಕ ಗುರುತರವಾದುದು: ಮಗು ಕಲ್ಪನೆಯಲ್ಲಿ ಮುಳುಗಿ ವಾಸ್ತವದ ಪ್ರಜ್ಞೆಯನ್ನು ಕಳೆದುಕೊಂಡರೆ? ಈ ಆತಂಕಕ್ಕೆ ಅಮೆರಿಕದಲ್ಲೇ ಒಂದು ಚರಿತ್ರೆಯುಂಟು. ೧೯೭೯ರ ಆಗಸ್ಟಿನಲ್ಲಿ ಮಿಷಿಗನ್ ರಾಜ್ಯ ವಿಶ್ವವಿದ್ಯಾಲಯದ ಹದಿನಾರು ವರ್ಷದ ವಿದ್ಯಾರ್ಥಿಯೊಬ್ಬನು ಕಾಣೆಯಾದನು. ಅವನನ್ನು ಹುಡುಕಲು ನಿಯಮಿತನಾದ ಖಾಸಗಿ ಪತ್ತೇದಾರನು, ವಿಶ್ವವಿದ್ಯಾಲಯದ ನೆಲದಡಿಯ ಹಬೆಕೊಳವೆಗಳ ಸುರಂಗದಲ್ಲಿ ಈ ಆಟವನ್ನು ಆಡಹೋಗಿ ಹುಡುಗ ಕಳೆದುಹೋಗಿರಬಹುದೆಂದು ಊಹಿಸಿದ. ಪತ್ರಿಕೆಗಳು ಊಹೆಯನ್ನೇ ವಾರ್ತೆಯಾಗಿ ಮಾಡಿದುವು. ಹುಡುಗ ಜೀವಂತವಾಗಿ ಸಿಕ್ಕಿದ. ಅವನು ಹೊರಟುಹೋದುದಕ್ಕೆ ಕಾರಣ ಆಟವಲ್ಲ, ಬಹುಕಾಲದಿಂದ ಅವನನ್ನು ಕಾಡುತ್ತಿದ್ದ ಮನೋವ್ಯಥೆ ಎಂಬುದು ಆಮೇಲೆ ತಿಳಿಯಿತು. ಮರುವರ್ಷವೇ ಅವನು ತೀರಿಕೊಂಡದ್ದು ದುಃಖದ ಸಂಗತಿ. ಆದರೆ ಊಹೆಗೆ ರೆಕ್ಕೆ ಮೂಡಿಯಾಗಿತ್ತು. ೧೯೮೧ರಲ್ಲಿ ಕಾದಂಬರಿ ಬಂತು, ೧೯೮೨ರಲ್ಲಿ ಅದರ ದೂರದರ್ಶನ ಚಿತ್ರ ಬಂತು. ಅದೇ ವರ್ಷ ಮಗನನ್ನು ಕಳೆದುಕೊಂಡ ವರ್ಜೀನಿಯದ ತಾಯಿಯೊಬ್ಬರು, ಅವನ ಸಾವಿಗೆ ಈ ಆಟವೇ ಕಾರಣವೆಂದು ನಂಬಿ, ೧೯೮೩ರಲ್ಲಿ ಇದರ ವಿರುದ್ಧ ಸಂಘವನ್ನೇ ಕಟ್ಟಿದರು. ಪುತ್ರಶೋಕದಲ್ಲಿರುವ ತಾಯಿಯ ಮಾತನ್ನು ತರ್ಕದ ತಕ್ಕಡಿಯಲ್ಲಿ ತೂಗುವುದು ಕಠೋರವಾದೀತು. ಆದರೂ ನ್ಯಾಯಾಲಯದಲ್ಲಿ ಆ ವಾದ ನಿಲ್ಲಲಿಲ್ಲ. ೧೯೯೦ರಲ್ಲಿ ಮೈಕಲ್ ಸ್ಟ್ಯಾಕ್‌ಪೋಲ್ ಎಂಬ ಲೇಖಕನು ಆ ಸಂಘದ ಆಪಾದನೆಗಳನ್ನು ಒಂದೊಂದಾಗಿ ಪರಿಶೀಲಿಸಿ ಅವುಗಳ ದೌರ್ಬಲ್ಯವನ್ನು ತೋರಿಸಿದನು. ಈತ ಸ್ವತಃ ಇಂಥ ಆಟಗಳ ರಚಕ, ಪಕ್ಷಗಾರ ಎನ್ನಬಹುದು. ಆದರೂ ಈ ಐವತ್ತು ವರ್ಷಗಳಲ್ಲಿ ಆಟಕ್ಕೂ ಅಂಥ ಮರಣಗಳಿಗೂ ಕಾರ್ಯಕಾರಣ ಸಂಬಂಧ ಸಿದ್ಧವಾಗಿಲ್ಲ. ನೊಂದ ಮಗು ಆಡುತ್ತಿದ್ದ ಆಟವೇ ನೋವಿಗೆ ಕಾರಣವೆನ್ನುವುದು ಕಾಕತಾಳೀಯ ನ್ಯಾಯ. ಈ ಗದ್ದಲದಲ್ಲಿ ಮಗುವಿನ ನಿಜವಾದ ನೋವನ್ನು ಯಾರೂ ಕೇಳದೆ ಹೋಗುವರೆಂಬುದೇ ದೊಡ್ಡ ಅಪಾಯ.

ಇನ್ನು ತತ್ತ್ವದ ಪ್ರಶ್ನೆ. ‘ನಾನು ಕಳ್ಳ’ ಎಂದು ಆಟದಲ್ಲಿ ಹೇಳುವ ಹುಡುಗಿ ಏನನ್ನು ತಿಳಿದು ಹೇಳುತ್ತಾಳೆ? ನಮ್ಮ ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ಸಮೀಪವಾದ ಚರ್ಚೆ ಸಾವಿರ ವರ್ಷಗಳ ಹಿಂದೆಯೇ ನಡೆದಿದೆ. ಭರತನ ರಸಸೂತ್ರವನ್ನು ವಿವರಿಸಿದವರಲ್ಲಿ ಶ್ರೀಶಂಕುಕನೆಂಬವನೊಬ್ಬ; ಅವನ ಗ್ರಂಥ ಉಳಿದಿಲ್ಲ, ಅಭಿನವಗುಪ್ತನು ‘ಅಭಿನವಭಾರತಿ’ಯಲ್ಲಿ ಉಲ್ಲೇಖಿಸಿರುವುದರಿಂದ ಅವನ ಮತ ನಮಗೆ ತಿಳಿದಿದೆ. ನಟನನ್ನು ನೋಡಿ ‘ಇವನು ರಾಮ’ ಎಂದು ತಿಳಿಯುವ ಜ್ಞಾನ ಎಂಥದು? ಅದು ಯಥಾರ್ಥವಲ್ಲ, ಏಕೆಂದರೆ ಇವನು ರಾಮನಲ್ಲವೆಂದು ಬಲ್ಲೆವು. ಮಿಥ್ಯೆಯೂ ಅಲ್ಲ, ಏಕೆಂದರೆ ನಾವು ಮೋಸಹೋಗಿಲ್ಲ. ರಾಮನೋ ಅಲ್ಲವೋ ಎಂಬ ಸಂಶಯವಲ್ಲ. ರಾಮನಂತೆ ಇದ್ದಾನೆ ಎಂಬ ಸಾದೃಶ್ಯಜ್ಞಾನವೂ ಅಲ್ಲ. ಗೋಡೆಯ ಮೇಲೆ ಬರೆದ ಕುದುರೆಯನ್ನು ಕಂಡು ಮಗು ‘ಕುದುರೆ’ ಎನ್ನುವಂಥ ಐದನೆಯ ಬಗೆಯ ಜ್ಞಾನವಿದು. ಇದಕ್ಕೆ ಚಿತ್ರತುರಗನ್ಯಾಯವೆಂದು ಹೆಸರು. ಶಂಕುಕನ ರಸಸಿದ್ಧಾಂತವನ್ನು ಅಭಿನವಗುಪ್ತನ ಗುರುಗಳಾದ ಭಟ್ಟತೌತರು ಖಂಡಿಸಿದರು, ಅದು ಬೇರೆ ಮಾತು. ಆದರೆ ಈ ದೃಷ್ಟಾಂತ ಉಳಿದುಕೊಂಡಿತು. ಚಿತ್ರದ ಕುದುರೆಗೆ ಹುಲ್ಲು ಹಾಕಲು ಹೋಗುವ ಮಗು ವಿರಳ. ಹಾಗೆ ಹೋದರೆ ಚಿತ್ರವನ್ನು ಒರೆಸುವುದಲ್ಲ, ಮಗುವಿನ ಕಣ್ಣು ಪರೀಕ್ಷಿಸುವುದು ಯುಕ್ತ.

ನಮ್ಮ ಶರಣ ಪರಂಪರೆಯಲ್ಲಿಯೂ ಇದಕ್ಕೊಂದು ನಿದರ್ಶನವುಂಟು. ಹನ್ನೆರಡನೆಯ ಶತಮಾನದ ಬಹುರೂಪಿ ಚೌಡಯ್ಯನವರ ಕಾಯಕವೇ ಬಗೆಬಗೆಯ ವೇಷ ಹಾಕುವುದು. ‘ರೇಕಣ್ಣಪ್ರಿಯ ನಾಗಿನಾಥ’ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದ ಈ ಶರಣರನ್ನು ಯಾರೂ ‘ನೀನು ವೇಷಗಾರ, ನಿನ್ನ ಮಾತು ನಂಬಲರ್ಹವಲ್ಲ’ ಎಂದು ಹೊರಗಿಡಲಿಲ್ಲ. ವಚನಕಾರರು ವೇಷವನ್ನು ನಿಂದಿಸಿದ್ದಾರಲ್ಲವೆ ಎಂದರೆ, ನಿಂದಿಸಿದುದು ವೇಷವನ್ನೇ ನಿಜವೆಂದು ಮಾರುವವರನ್ನು. ಬಹುರೂಪಿಯು ತಾನು ವೇಷ ಹಾಕಿದ್ದೇನೆಂದು ಸಾರಿಯೇ ಹಾಕುತ್ತಾನೆ, ಡಾಂಭಿಕನು ಸಾರುವುದಿಲ್ಲ. ‘ಪಾತ್ರ’ ಎಂಬ ಶಬ್ದವನ್ನೇ ನೋಡಿರಿ. ಕುಡಿಯುವ ಉಪಕರಣ ಎಂಬುದು ಅದರ ಮೂಲಾರ್ಥ. ಅದರಿಂದಲೇ ನಮ್ಮ ‘ಪಾತ್ರೆ’. ಯೋಗ್ಯ ವ್ಯಕ್ತಿ ಎಂಬುದು ಮತ್ತೊಂದು ಅರ್ಥ, ನಾಟಕದಲ್ಲಿ ಬರುವ ವ್ಯಕ್ತಿ ಎಂಬುದು ಇನ್ನೊಂದು. ಪಾತ್ರೆಯಲ್ಲಿ ಹಾಲನ್ನು ಹೊಯ್ದರೂ ಮಜ್ಜಿಗೆಯನ್ನು ಹೊಯ್ದರೂ ಪಾತ್ರೆ ಪಾತ್ರೆಯೇ, ತೊಳೆದಿಡುವ ಅಭ್ಯಾಸವಿದ್ದರೆ.

ಈ ತೊಳೆದಿಡುವ ಮಾತು ಲಘುವಲ್ಲ. ಈ ಆಟದಲ್ಲಿ ನಿಜವಾದ ದೋಷವೊಂದು ತಲೆಹಾಕಬಹುದಾದರೆ ಅದು ಇಲ್ಲಿಯೇ. ಹರೆಯದ ಹುಡುಗನೊಬ್ಬ ತನ್ನ ಪಾತ್ರದ ಬಾಯಿಂದ ಎದುರಿಗಿರುವ ಗೆಳೆಯನನ್ನು ಹಳಿದು, ಅವನ ವಸ್ತುವನ್ನು ಕದ್ದು, ಕೇಳಿದರೆ ‘ನಾನಲ್ಲ, ನನ್ನ ಪಾತ್ರದ ಸ್ವಭಾವವೇ ಹಾಗೆ’ ಎನ್ನುವುದುಂಟಂತೆ. ಇದು ನೆಪ. ಪಾತ್ರವನ್ನು ಆರಿಸಿದವನು ಅವನೇ, ಮಾತನ್ನು ಆಡಿದವನೂ ಅವನೇ; ನೊಂದವನು ಮಾತ್ರ ಪಾತ್ರವಲ್ಲ, ಮಾಂಸರಕ್ತಗಳಿರುವ ಸಹಪಾಠಿ. ಅಲ್ಲಿಯ ವಿವೇಕಿಗಳು ಇದನ್ನು ಗುರುತಿಸದೆ ಇಲ್ಲ. ಎಷ್ಟೋ ಕೂಟಗಳಲ್ಲಿ ಆಟ ತೊಡಗುವ ಮುನ್ನ ಒಂದು ದಿನ ಕುಳಿತು, ಯಾವ ವಿಷಯಗಳು ಕಥೆಯಲ್ಲಿ ಬರಬಾರದೆಂದು ಮಾತನಾಡಿಕೊಳ್ಳುತ್ತಾರೆ. ಕೆಲವೆಡೆ ಮೇಜಿನ ನಡುವೆ ‘ಎಕ್ಸ್’ ಗುರುತಿನ ಒಂದು ಚೀಟಿ ಇಟ್ಟಿರುತ್ತಾರೆ. ಯಾರಿಗೇ ಆಗಲಿ ಪ್ರಸಂಗ ಅಸಹ್ಯವೆನಿಸಿದರೆ ಅದನ್ನು ಮುಟ್ಟಿದರೆ ಸಾಕು, ಕಾರಣ ಕೇಳದೆ ಕಥೆಯನ್ನು ಬೇರೆ ಕಡೆಗೆ ತಿರುಗಿಸುತ್ತಾರೆ. ನಮ್ಮ ಸಭೆ ಸಮಿತಿಗಳಲ್ಲಿಯೂ ಇಂಥದೊಂದು ಚೀಟಿ ಇದ್ದಿದ್ದರೆ! ಆದ್ದರಿಂದ ಮಗಳು ಆಟದ ಹೆಸರನ್ನು ವಿಚಾರಿಸುವುದಕ್ಕಿಂತ, ಯಾರೊಡನೆ ಆಡುತ್ತೇನೆ, ಸೂತ್ರಧಾರನಾರು ಎಂದು ವಿಚಾರಿಸುವುದು ಮುಖ್ಯವೆಂದು ಬರೆದೆನು. ಸೂತ್ರಧಾರನು ನ್ಯಾಯವಂತನಾದರೆ ಭೂತಪ್ರೇತಗಳ ಕಥೆಯೂ ನಿರುಪದ್ರವಿ. ಅವನು ಪಕ್ಷಪಾತಿಯಾದರೆ ಬೃಂದಾವನದ ಕಥೆಯಲ್ಲಿಯೂ ಕಣ್ಣೀರು.

ದೈವಭಕ್ತಿಯ ದೃಷ್ಟಿಯಿಂದ ಒಂದು ಆಕ್ಷೇಪವನ್ನು ನಾನು ಒಪ್ಪುತ್ತೇನೆ. ೧೯೮೦ರಲ್ಲಿ ಈ ಆಟಕ್ಕೆ ಪೂರಕವಾಗಿ ‘ಡೀಟೀಸ್ ಅಂಡ್ ಡೆಮಿಗಾಡ್ಸ್’ ಎಂಬ ಗ್ರಂಥ ಪ್ರಕಟವಾಯಿತು. ಗ್ರೀಕ್, ನಾರ್ಸ್ ಮೊದಲಾದ ಪುರಾಣಗಳ ದೇವತೆಗಳ ಸಾಲಿನಲ್ಲಿ ಇಂದ್ರ, ಅಗ್ನಿ ಮುಂತಾದ ನಮ್ಮ ದೇವತೆಗಳಿಗೂ ಅದರಲ್ಲಿ ಒಂದು ಅಧ್ಯಾಯ ಮೀಸಲು. ಎಷ್ಟು ಪೆಟ್ಟು ತಾಳಬಲ್ಲರು, ಎಷ್ಟು ಪೆಟ್ಟು ಕೊಡಬಲ್ಲರು ಎಂದು ಅವರಿಗೂ ಅಂಕೆಗಳು. ಬರೆದವರಲ್ಲಿ ದುರುದ್ದೇಶವಿತ್ತೆಂದು ನಾನು ಹೇಳಲಾರೆ. ಸತ್ತುಹೋದ ಮತಗಳ ದೇವತೆಗಳನ್ನೂ ಇಂದು ಕೋಟ್ಯಂತರ ಜನ ಪೂಜಿಸುವವರನ್ನೂ ಒಂದೇ ಕೋಷ್ಟಕದಲ್ಲಿ ಕೂರಿಸಿದುದು ಅವಿವೇಕ. ೨೦೧೪ರ ಆಟಗಾರರ ಕೈಪಿಡಿಯ ಅನುಬಂಧದಲ್ಲಿ ಚರಿತ್ರೆಯ ದೇವತಾಗಣಗಳೆಂದು ಕೆಲ್ಟಿಕ್, ಗ್ರೀಕ್, ಈಜಿಪ್ಟ್, ನಾರ್ಸ್ ಗಣಗಳನ್ನು ಮಾತ್ರ ಕೊಟ್ಟಿದೆ, ನಮ್ಮವು ಇಲ್ಲ. ಇದು ಒಳ್ಳೆಯದೇ ಆಯಿತು. ಕರದಿಷ್ಟಲಿಂಗವನ್ನು ಪೂಜಿಸುವ ಮನೆಯ ಮಗು, ಪರವಸ್ತುವು ಅಂಕೆಗೆ ನಿಲುಕತಕ್ಕದ್ದಲ್ಲವೆಂಬುದನ್ನು ಮನೆಯಲ್ಲಿಯೇ ಕಲಿತಿರುತ್ತದೆ. ಕಲಿಯದಿದ್ದರೆ ಆ ಕೊರತೆಯನ್ನು ತುಂಬಬೇಕಾದವರು ತಂದೆತಾಯಿಗಳು.

ಇದಕ್ಕೆ ವ್ಯತಿರಿಕ್ತವಾಗಿ, ೧೯೮೫ರಲ್ಲಿ ಗ್ರೆಗ್ ಸ್ಟಾಫರ್ಡ್ ರಚಿಸಿದ ‘ಪೆಂಡ್ರಾಗನ್’ ಎಂಬ ಆಟವನ್ನು ಕುರಿತು ಓದಿ ನನಗೆ ಸಂತೋಷವಾಯಿತು. ಆರ್ಥರ್ ಎಂಬ ಬ್ರಿಟನ್ನಿನ ಪುರಾಣಪ್ರಸಿದ್ಧ ದೊರೆಯ ವೀರಭಟರ ಕಥೆ ಅದು. ಅದರಲ್ಲಿ ಪ್ರತಿಯೊಂದು ಪಾತ್ರಕ್ಕೂ ಹದಿಮೂರು ಜೋಡಿ ಗುಣಗಳು: ಕರುಣೆಗೆ ಎದುರು ಕ್ರೌರ್ಯ, ಔದಾರ್ಯಕ್ಕೆ ಎದುರು ಸ್ವಾರ್ಥ, ಹೀಗೆ. ಪ್ರತಿ ಜೋಡಿಯ ಮೊತ್ತ ಇಪ್ಪತ್ತು. ಒಂದು ಏರಿದಷ್ಟು ಇನ್ನೊಂದು ಇಳಿಯಬೇಕು. ಪಾತ್ರವು ಮಾಡಿದ ಕೃತ್ಯಗಳಿಂದಲೇ ಈ ಅಂಕೆಗಳು ಏರಿಳಿಯುತ್ತವೆ. ಮಾಡಿದ್ದು ಸ್ವಭಾವವಾಗುತ್ತದೆ, ಸ್ವಭಾವವು ಮುಂದಿನ ಕೃತ್ಯವನ್ನು ಎಳೆಯುತ್ತದೆ ಎಂಬ ಸಂಸ್ಕಾರಸಿದ್ಧಾಂತವನ್ನು ದಾಳದ ಆಟದಲ್ಲಿ ಕಾಣುವೆನೆಂದು ನಾನು ಎಣಿಸಿರಲಿಲ್ಲ.

ಖರ್ಚಿನ ವಿಚಾರ ಹೆಚ್ಚು ಹೇಳಬೇಕಾಗಿಲ್ಲ. ಗ್ರಂಥಗಳು ದುಬಾರಿ, ಆದರೆ ಕೂಟಕ್ಕೆಲ್ಲ ಒಂದು ಪ್ರತಿ ಇದ್ದರೆ ನಡೆಯುತ್ತದೆ. ಮೂಲನಿಯಮಗಳು ಉಚಿತವಾಗಿಯೂ ದೊರೆಯುತ್ತವೆ. ಒಂದು ಪೆನ್ಸಿಲು, ಹಾಳೆ, ದಾಳಗಳು. ಚರವಾಣಿಯ ಪರದೆಯನ್ನು ದಿಟ್ಟಿಸಿ ಒಬ್ಬೊಬ್ಬರೇ ಬೆರಳಾಡಿಸುವ ಆಟಗಳೊಡನೆ ಇದನ್ನು ಸೇರಿಸತಕ್ಕದ್ದಲ್ಲ. ಇಲ್ಲಿ ಎದುರಿಗಿರುವವನ ಮುಖ ನೋಡಬೇಕು, ಅವನ ಮಾತು ಮುಗಿಯುವವರೆಗೆ ಕಾಯಬೇಕು.

ಇಷ್ಟನ್ನು ಬರೆದು ಕಳುಹಿಸಿದ ಮೇಲೆ, ಮಗಳೊಡನೆಯೇ ದೂರವಾಣಿಯಲ್ಲಿ ಮಾತನಾಡುವ ಪ್ರಸಂಗ ಬಂದಿತು. ಆಗ ತಿಳಿದುಬಂದುದೇನೆಂದರೆ, ತಂದೆಯವರ ಆತಂಕಗಳಾವುವೂ ಅವಳದಾಗಿರಲಿಲ್ಲ. ದಾಳ, ದೆವ್ವ, ದೇವತೆ ಯಾವುದನ್ನೂ ಅವಳು ಎಣಿಸಿರಲಿಲ್ಲ. ಅವಳ ಹಿಂಜರಿಕೆ ಬೇರೆ: ಸುತ್ತ ಕುಳಿತವರ ಮುಂದೆ ಪಾತ್ರದ ಮಾತನ್ನು ಆಡಹೋಗಿ ತಾನು ತೊದಲಿದರೆ ನಕ್ಕಾರೆಂಬುದು. ತರಗತಿಯಲ್ಲಿ ಕೈಯೆತ್ತಿ ಉತ್ತರ ಹೇಳಲೂ ಅಳುಕುವ ಸ್ವಭಾವವಂತೆ. ಕೂಟವನ್ನು ಸೇರುವ ಆಸೆಯೂ ಅದೇ ಕಾರಣಕ್ಕೆ, ಸೇರದಿರುವ ಭಯವೂ ಅದೇ ಕಾರಣಕ್ಕೆ. ಹದಿನಾಲ್ಕರ ವಯಸ್ಸಿನಲ್ಲಿ ನಗೆಗೀಡಾಗುವುದಕ್ಕಿಂತ ಘೋರವಾದುದು ಬೇರೊಂದಿಲ್ಲ, ಇದನ್ನು ಉಪಾಧ್ಯಾಯರಾದ ನಾವು ಬಲ್ಲೆವು. ನಮ್ಮ ವಸತಿನಿಲಯದ ಹುಡುಗರು ಶರಣರ ನಾಟಕದಲ್ಲಿ ಪಾತ್ರ ಬೇಡವೆಂದು ಹೊಟ್ಟೆನೋವಿನ ನೆಪ ಹೂಡುವುದೂ, ಬಲವಂತದಿಂದ ನಿಲ್ಲಿಸಿದ ಮೇಲೆ ರಂಗದಿಂದ ಇಳಿಯಲೊಲ್ಲದಿರುವುದೂ ನಾವು ವರ್ಷಂಪ್ರತಿ ಕಾಣುವ ವಿನೋದ. ನಾನು ಅವಳಿಗೆ ಹೇಳಿದುದಿಷ್ಟು. ಮೊದಲ ದಿನ ಆಡಬೇಡ, ಪಕ್ಕದಲ್ಲಿ ಕುಳಿತು ನೋಡು. ‘ನಾನು’ ಎಂದು ಪಾತ್ರವಾಗಿ ನುಡಿಯಲೇಬೇಕೆಂಬ ನಿಯಮ ಈ ಆಟದಲ್ಲಿಲ್ಲ. ‘ನನ್ನ ಪಾತ್ರ ಬಾಗಿಲು ತೆರೆಯುತ್ತಾಳೆ’ ಎಂದು ಪ್ರಥಮಪುರುಷದಲ್ಲಿ ಹೇಳಿದರೂ ಸಲ್ಲುತ್ತದೆ. ಕೆಲವು ವಾರ ಪ್ರಥಮಪುರುಷದಲ್ಲಿಯೇ ಆಡು, ಉತ್ತಮಪುರುಷ ತಾನಾಗಿ ಬರುತ್ತದೆ. ವ್ಯಾಕರಣಪಾಠ ಕೊನೆಗೂ ಒಂದು ಕೆಲಸಕ್ಕೆ ಬಂದಿತೆಂದು ಅವಳು ನಕ್ಕಳು.

ಉಳಿದದ್ದು ಶನಿವಾರದ ಪ್ರಶ್ನೆ. ಕನ್ನಡ ಪಂಡಿತನಾದ ನಾನು ‘ಕನ್ನಡ ತರಗತಿಯೇ ಮೊದಲು’ ಎಂದು ಬರೆದರೆ ಯಾರಿಗೂ ಆಶ್ಚರ್ಯವಾಗುತ್ತಿರಲಿಲ್ಲ. ತಂದೆಯವರು ನಿರೀಕ್ಷಿಸಿದ್ದುದೂ ಅದನ್ನೇ. ಆದರೆ ಮೂವತ್ತು ವರ್ಷ ಪಾಠ ಹೇಳಿದ ಅನುಭವದಿಂದ ಹೇ���ುತ್ತೇನೆ, ಮನಸ್ಸು ಬೇರೆಡೆಯಲ್ಲಿರುವ ಮಗುವಿಗೆ ಕಲಿಸಿದ ಕಾಗುಣಿತ ಹಲಗೆಯ ಮೇಲೆಯೇ ಉಳಿಯುತ್ತದೆ. ಅತ್ತ, ಕನ್ನಡ ತರಗತಿ ಒಮ್ಮೆ ಬಿಟ್ಟರೆ ಬಿಟ್ಟೇಹೋಗುವುದೆಂಬ ತಂದೆಯ ಭಯವೂ ಸುಳ್ಳಲ್ಲ. ಹೊರನಾಡಿನಲ್ಲಿ ಎರಡನೆಯ ತಲೆಮಾರಿಗೆ ಭಾಷೆ ಜಾರುವುದು ಹಗೆತನದಿಂದಲ್ಲ, ಇಂಥ ಶನಿವಾರಗಳಿಂದಲೇ. ಎರಡೂ ಕಡೆಯವರನ್ನು ಹೊತ್ತು ಬದಲಾಯಿಸಬಹುದೆ ಎಂದು ಮಗಳೇ ಕೇಳಲಿ ಎಂದು ಬರೆದೆನು. ಕೇಳಿದಳು. ಕನ್ನಡ ತರಗತಿಯವರಿಗೆ ಕೊಠಡಿ ಸಿಗುವುದೇ ಆ ಹೊತ್ತಿನಲ್ಲಿ, ಅದು ಬದಲಾಗಲಿಲ್ಲ. ಆಟದ ಕೂಟದವರು ಹದಿನೈದು ದಿನಕ್ಕೊಮ್ಮೆ ಸೇರಲು ಒಪ್ಪಿದರು, ಏಕೆಂದರೆ ಇನ್ನಿಬ್ಬರಿಗೂ ಶನಿವಾರ ಸಂಗೀತಪಾಠವಿತ್ತಂತೆ. ಹೀಗೆ ಒಂದು ಶನಿವಾರ ಕನ್ನಡ, ಒಂದು ಶನಿವಾರ ಆಟ. ತಪ್ಪಿದ ಕನ್ನಡ ಪಾಠವನ್ನು ಭಾನುವಾರ ಬೆಳಗ್ಗೆ ತಂದೆಯೇ ಕುಳಿತು ಹೇಳಿಕೊಡಬೇಕೆಂದು ತೀರ್ಮಾನವಾಗಿದೆ. ತಂದೆಗೆ ತಮ್ಮ ಹಳಗನ್ನಡ ಮರೆತುಹೋಗಿರುವುದರಿಂದ, ಭಾನುವಾರದ ಪಾಠಕ್ಕೆ ಮುಂಚೆ ಶನಿವಾರ ರಾತ್ರಿ ಅವರೇ ನನಗೆ ದೂರವಾಣಿ ಮಾಡಿ ಸಂದೇಹಗಳನ್ನು ಕೇಳುತ್ತಿದ್ದಾರೆ.